ಸ್ಪಷ್ಟನೆ: ಆನ್‌ಲೈನ್ ಸರ್ಕಾರಿ ಸೇವೆಯಿಂದ ಜನ ದೂರ ಇರುವುದು ವಯಸ್ಸಿನಿಂದ ಮಾತ್ರ ಅಲ್ಲ

"ವಯಸ್ಸಾದವರಿಗೆ ಮೊಬೈಲ್ ಬಳಸೋಕೆ ಬರಲ್ಲ, ಅದಕ್ಕೇ ಸರ್ಕಾರಿ ಸೇವೆ ಆನ್‌ಲೈನ್ ಆದ್ರೂ ಕ್ಯೂ ಕರಗಲ್ಲ" ಅನ್ನುವ ಮೆಸೇಜ್ ಓಡಾಡುತ್ತಿದೆ. ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ.

ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಅಂತ 1989ರಲ್ಲೇ ಸಂಶೋಧಕ ಫ್ರೆಡ್ ಡೇವಿಸ್ ಎರಡು ಮುಖ್ಯ ಕಾರಣ ಹೇಳಿದ್ದರು: ಇದರಿಂದ ಉಪಯೋಗ ಇದೆಯಾ, ಬಳಸುವುದು ಸುಲಭವಾ. 2003ರಲ್ಲಿ ಸಂಶೋಧಕ ವೆಂಕಟೇಶ್ ಮತ್ತು ಸಂಗಡಿಗರು ಸುತ್ತಲಿನವರ ಪ್ರಭಾವ, ಬೇಕಾದ ಸೌಲಭ್ಯ ಇವನ್ನೂ ಸೇರಿಸಿ ಒಂದು ಮಾದರಿ ಕೊಟ್ಟರು. ಅದರಲ್ಲಿ ವಯಸ್ಸು ನೇರ ಕಾರಣವೇ ಅಲ್ಲ, ಉಳಿದ ಕಾರಣಗಳ ಬಲವನ್ನು ಹೆಚ್ಚು ಕಡಿಮೆ ಮಾಡುವ ಅಂಶ ಅಷ್ಟೇ.

ಮೆಸೇಜ್ ಬರೆದವರು ಮರೆತದ್ದು ನಂಬಿಕೆಯನ್ನು. ಕಾರ್ಟರ್ ಮತ್ತು ಬೆಲಾಂಜೆ ಅನ್ನುವ ಸಂಶೋಧಕರು ಆನ್‌ಲೈನ್ ಸರ್ಕಾರಿ ಸೇವೆಯ ಬಳಕೆ ಬಗ್ಗೆ ಮಾಡಿದ 2005ರ ಅಧ್ಯಯನದಲ್ಲಿ ಸುಲಭ ಬಳಕೆ, ತಮ್ಮ ರೂಢಿಗೆ ಹೊಂದುವುದು, ನಂಬಿಕೆ ಈ ಮೂರೂ ಮುಖ್ಯ ಅಂತ ಕಂಡುಕೊಂಡರು. ನಂಬಿಕೆಯಲ್ಲೂ ಎರಡು ಬಗೆ: ಇಂಟರ್‌ನೆಟ್ ಮೇಲಿನದು, ಸರ್ಕಾರದ ಮೇಲಿನದು. ದಿನಾ ಆನ್‌ಲೈನ್‌ನಲ್ಲೇ ದುಡ್ಡು ಕಳಿಸುವ ಹುಡುಗರೂ ಅರ್ಜಿ ವಿಷಯ ಬಂದಾಗ ಕೌಂಟರಿಗೇ ಹೋಗುವುದುಂಟು. ಅವರಿಗೆ ಕೈಯಲ್ಲಿ ಸೀಲ್ ಬಿದ್ದ ರಸೀದಿ ಬೇಕು, ತಪ್ಪಾದರೆ ಕೇಳೋಕೆ ಎದುರಿಗೆ ಒಬ್ಬ ಮನುಷ್ಯ ಬೇಕು. ಇದು ದಡ್ಡತನ ಅಲ್ಲ, ಅಲ್ವಾ?

ಇನ್ನು ಆನ್‌ಲೈನ್‌ನಲ್ಲಿ ಎಲ್ಲ ತುಂಬಿಸಿದ ಮೇಲೂ "ಮೂಲ ದಾಖಲೆ ತಗೊಂಡು ಕಚೇರಿಗೆ ಬನ್ನಿ" ಅಂದರೆ, ಅಲ್ಲಿಗೆ ಡೇವಿಸ್ ಹೇಳಿದ ಮೊದಲ ಕಾರಣವೇ ಬಿದ್ದುಹೋಯಿತು. ಆ ಕ್ಯೂಗೆ ಸುಮ್ನೆ ಅಜ್ಜ ಅಜ್ಜಿಯರನ್ನು ದೂರಬೇಡಿ.