ಹನ್ನೆರಡು ಪುಸ್ತಕ, ಒಂದು ಟ್ಯಾಂಕರ್

ನಮ್ಮ ಅಪಾರ್ಟ್‌ಮೆಂಟಿನ ಓದುಗರ ಬಳಗದವರು ಇವತ್ತು ಬೆಳಗ್ಗೆ ವಾಟ್ಸಾಪಿನಲ್ಲಿ ಒಂದು ಪಟ್ಟಿ ಹಾಕಿದ್ದಾರೆ. ಭೂಮಿ ಉಳಿಯಬೇಕಾದರೆ ಓದಲೇಬೇಕಾದ ಹನ್ನೆರಡು ಪುಸ್ತಕಗಳಂತೆ. ಹನ್ನೆರಡೂ ಇಂಗ್ಲಿಷು.

ಬಾಲ್ಕನಿಯಲ್ಲಿ ನಿಂತು ಪಟ್ಟಿ ಓದುತ್ತಿದ್ದೆ. ಕೆಳಗೆ ನೀರಿನ ಟ್ಯಾಂಕರ್ ರಿವರ್ಸ್ ಬರುತ್ತಿತ್ತು. ಕ್ಲೀನರ್ ಹುಡುಗ ಸಂಪಿನ ಮುಚ್ಚಳ ಎತ್ತಿ ಪೈಪು ಇಳಿಬಿಟ್ಟ. ಪೈಪಿನ ಜಾಯಿಂಟಿನಲ್ಲಿ ನೀರು ಸೋರುತ್ತಿತ್ತು. ನಮ್ಮ ವಾಚ್‌ಮನ್ ಓಡಿಬಂದು ಅದಕ್ಕೊಂದು ಬಕೆಟ್ ಹಿಡಿದ. ಇಡೀ ಬಿಲ್ಡಿಂಗಿನಲ್ಲಿ ಇವತ್ತು ಪರಿಸರಕ್ಕೆ ಅಂತ ಏನಾದರೂ ಮಾಡಿದವನು ಅವನೊಬ್ಬನೇ. ಅವನು ಗ್ರೂಪಿನಲ್ಲಿಲ್ಲ.

ಪುಸ್ತಕಗಳ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿಯ ಮೊದಲನೆಯದು ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’. 1962ರದ್ದು. ಮರಕ್ಕೆ ಹೊಡೆದ ಡಿಡಿಟಿ ಅನ್ನುವ ಕೀಟನಾಶಕ ಎರೆಹುಳಕ್ಕೆ, ಎರೆಹುಳದಿಂದ ಹಕ್ಕಿಗೆ ಹೇಗೆ ಹೋಯಿತು ಅಂತ ಆಕೆ ಬಿಡಿಸಿ ಹೇಳಿದ್ದನ್ನು ಓದಿದರೆ ಈಗಲೂ ಹೊಟ್ಟೆ ತೊಳಸುತ್ತದೆ. 1972ರಲ್ಲಿ ಅಮೆರಿಕ ಹೊಲಕ್ಕೆ ಡಿಡಿಟಿ ಹೊಡೆಯುವುದನ್ನು ನಿಲ್ಲಿಸಿತು. ನೋಡಲು ಆಕೆ ಇರಲಿಲ್ಲ, 1964ರಲ್ಲೇ ತೀರಿಕೊಂಡಿದ್ದರು. ಆದರೆ ಗಮನಿಸಿ, ಆಕೆ ಬರೆದದ್ದು ತನ್ನ ದೇಶದ ಮರ, ತನ್ನ ದೇಶದ ಹಕ್ಕಿಯ ಬಗ್ಗೆ. ನಮ್ಮ ಕೆರೆಯ ಬಗ್ಗೆ ಓದೋರು ಯಾರು?

ಪಟ್ಟಿಯಲ್ಲಿ ಉಳದೇ ಬೆಳೆ ತೆಗೆದ ಜಪಾನಿನ ರೈತ ಫುಕುವೋಕಾ ಕೂಡ ಇದ್ದಾರೆ. ಅದೂ ಇಂಗ್ಲಿಷಿನಲ್ಲಿ! ‘ಒಂದು ಹುಲ್ಲಿನ ಕ್ರಾಂತಿ’ ಅಂತ ಕನ್ನಡಕ್ಕೆ ಬಂದು, ಉಳುಮೆ ಬಿಟ್ಟು ನೋಡೋಣ ಅನ್ನುವ ರೈತರ ಮನೆಗಳಲ್ಲಿ ಮೂಲೆ ಮಡಚಿಕೊಂಡು ಕೂತಿರುವ ಪುಸ್ತಕ ಅದು. ಜಪಾನಿನ ರೈತನನ್ನು ನಾವು ಇಂಗ್ಲಿಷಿನಲ್ಲೇ ಓದಬೇಕಂತೆ. ತೇಜಸ್ವಿಯವರ ‘ಪರಿಸರದ ಕತೆ’ ಹೆಸರು ಹೇಳಿದ್ದಕ್ಕೆ ಒಬ್ಬರು “ಅದು ಮಕ್ಕಳ ಪುಸ್ತಕ ಅಲ್ವಾ?” ಅಂದರು. ನಾನು ಫೋನ್ ಕೆಳಗಿಟ್ಟೆ.

ನನ್ನನ್ನು ಕೇಳಿದ್ದರೆ ಒಂದೇ ಪುಸ್ತಕ ಹೇಳುತ್ತಿದ್ದೆ. ಅನುಪಮ್ ಮಿಶ್ರ ಅವರ ‘ಆಜ್ ಭೀ ಖರೇ ಹೈಂ ತಾಲಾಬ್’, ಅಂದರೆ ಕೆರೆಗಳು ಇವತ್ತಿಗೂ ಖರೇ. 1993ರದ್ದು. (ಆ ಖರೇ ನಮ್ಮ ಧಾರವಾಡದವರ ಖರೇನೇ.) ಪುಸ್ತಕಕ್ಕೆ ಕಾಪಿರೈಟ್ ಬೇಡ ಅಂದುಬಿಟ್ಟರು ಪುಣ್ಯಾತ್ಮ. ಯಾರು ಬೇಕಾದರೂ ಅಚ್ಚು ಹಾಕಬಹುದು. ಹಿಂದಿಯಲ್ಲಿ ತಡವರಿಸುತ್ತಾ ಓದಿದೆ. ಕೆರೆಗೆ ಜಾಗ ಹುಡುಕಿದವರು, ಗಜಕೋಲು ಹಿಡಿದು ಅಳೆದವರು, ಏರಿ ಹಾಕಿದವರು, ಆಮೇಲೆ ಅದನ್ನು ನೋಡಿಕೊಂಡವರು, ಎಲ್ಲರೂ ಅದರಲ್ಲಿದ್ದಾರೆ.

ನಾನು ಕೋಲಾರದವನು, ನಿಮಗೆ ಗೊತ್ತೇ ಇದೆ. ವರ್ಷವಿಡೀ ಹರಿಯುವ ನದಿ ನಮಗೆ ಒಂದೂ ಇಲ್ಲ. ಇದ್ದದ್ದು ಕೆರೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನೋದು ನೀರಗಂಟಿಯ ಲೆಕ್ಕ. ಅವನಿಗೆ ಸಂಬಳವಿಲ್ಲ, ಕಣದಲ್ಲಿ ಇಷ್ಟು ಅಂತ ಕಾಳು. ಬೇಸಿಗೆಯಲ್ಲಿ ಕೆರೆಯ ಹೂಳು ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಗೊಬ್ಬರಕ್ಕೆ ಗೊಬ್ಬರ, ಕೆರೆಯೂ ಆಳ. ಈಗ 1500 ಅಡಿ ಕೊರೆದರೂ ದೂಳು ಬರುವ ಕಡೆ ಇದೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂದರೆ ನಾನು ಇಲ್ಲಿ ಸ್ನಾನ ಮಾಡಿದ ನೀರು ನನಗಿಂತ ಮೊದಲು ಊರು ತಲುಪುತ್ತದೆ.

“ಇದು ಜಾಗತಿಕ ಸಮಸ್ಯೆ ಸಾರ್, ಓದೂ ಜಾಗತಿಕವಾಗಿರಬೇಕು” ಅಂತ ಒಬ್ಬರು ಹೇಳಿದರು. ಸರಿ, ಹೊಗೆಗೆ ಗಡಿ ಇಲ್ಲ, ಒಪ್ಪಿದೆ. ಆದರೆ ಮಳೆ ನಮ್ಮ ಟೆರೇಸಿನ ಮೇಲೇ ಬೀಳುತ್ತದಲ್ಲ? ಆ ನೀರಿಗೆ ಅಂತ ತೋಡಿಸಿದ ಇಂಗುಗುಂಡಿ ಯಾವ ಮೂಲೆಯಲ್ಲಿದೆ ಅಂತ ಅವರಿಗೆ ಗೊತ್ತಾ? ನಾನು ಹೇಳ್ತೀನಿ. ಅದರ ಮೇಲೆ ಅವರದ್ದೇ ಸ್ಕೂಟರ್ ನಿಂತಿದೆ.

ಇಷ್ಟೆಲ್ಲ ಬೈದ ಮೇಲೆ ಇದನ್ನೂ ಹೇಳಿಬಿಡಬೇಕು. ಊರಲ್ಲಿ ಮನೆ ಹೊಸದಾಗಿ ಕಟ್ಟಿಸಿದಾಗ ಹಿತ್ತಿಲ ಬಾವಿಗೆ ಹಳೇ ಮನೆಯ ಗೋಡೆ ಮಣ್ಣು ತುಂಬಿಸಿದವನು ನಾನೇ. ಬಾವಿ ಬತ್ತಿತ್ತು, ಕಾರು ನಿಲ್ಲಿಸೋಕೆ ಜಾಗ ಬೇಕಿತ್ತು. ಎರಡು ಟ್ರಾಕ್ಟರ್ ಲೋಡು ಸಾಕಾಗಲಿಲ್ಲ, ಮೂರನೆಯದು ತರಿಸಿದೆ. ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಗ ನನ್ನ ಬ್ಯಾಗಿನಲ್ಲಿದ್ದ ಪುಸ್ತಕ, ಬೆಳವಣಿಗೆಗೂ ಒಂದು ಮಿತಿ ಇದೆ ಅನ್ನುವ ‘ಲಿಮಿಟ್ಸ್ ಟು ಗ್ರೋತ್’. ಗೆರೆ ಎಳೆದು ಓದುತ್ತಿದ್ದೆ, ಬೇರೆ.

ಮಿಶ್ರ ಅವರ ಪುಸ್ತಕ ನನ್ನ ಹತ್ತಿರ ಎರಡು ಪ್ರತಿ ಇದೆ. ಬೇಕಾದವರು ಬಂದು ತಗೊಂಡು ಹೋಗಿ. ಒಂದರ ಮೇಲೆ ಕಾಫಿ ಚೆಲ್ಲಿದೆ, ಅದನ್ನು ಕೇಳಬೇಡಿ, ಗೆರೆಗಳೆಲ್ಲ ಅದರಲ್ಲೇ ಇವೆ.