ಆ್ಯಂಟಿವೈರಸ್ ಎಚ್ಚರಿಕೆಯನ್ನು ಸುಳ್ಳೆಂದು ತಳ್ಳಿಹಾಕುವ ಮೊದಲು

ಪರದೆಯ ಮೂಲೆಯಲ್ಲಿ ಆ್ಯಂಟಿವೈರಸ್‌ನ ಎಚ್ಚರಿಕೆ ಕಾಣಿಸಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಇದು ಬೇರೆಯವರಿಗೂ ಬಂದಿದೆಯೇ ಎಂಬುದು. ಬಂದಿದೆ ಎಂದು ತಿಳಿದ ಕೂಡಲೇ ಸಮಾಧಾನವಾಗುತ್ತದೆ. ಇಷ್ಟು ಜನರಿಗೆ ಬಂದಿದ್ದರೆ ಆ್ಯಂಟಿವೈರಸ್‌ನದೇ ತಪ್ಪಿರಬೇಕು ಎಂದುಕೊಂಡು ಆ ಕಡತಕ್ಕೆ ವಿನಾಯಿತಿ ಕೊಟ್ಟು, ಅಂದರೆ ಅದನ್ನು ತಡೆಯಬೇಡವೆಂದು ಆ್ಯಂಟಿವೈರಸ್‌ಗೆ ಹೇಳಿ, ಕೆಲಸ ಮುಂದುವರಿಸುತ್ತೇವೆ. ಈ ತರ್ಕ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 2023ರ ಮಾರ್ಚ್‌ನ ತ್ರೀಸಿಎಕ್ಸ್ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ತ್ರೀಸಿಎಕ್ಸ್ ಎಂಬುದು ಕಚೇರಿಗಳ ದೂರವಾಣಿ ಕರೆಗಳನ್ನು ಅಂತರ್ಜಾಲದ ಮೂಲಕ ನಿರ್ವಹಿಸುವ ತಂತ್ರಾಂಶ. ಆರು ಲಕ್ಷ ಸಂಸ್ಥೆಗಳು ತನ್ನ ಗ್ರಾಹಕರೆಂದು ಕಂಪನಿ ಹೇಳಿಕೊಂಡಿತ್ತು. ಮಾರ್ಚ್ 22ರ ಸುಮಾರಿಗೆ ಸೆಂಟಿನೆಲ್‌ಒನ್ ಎಂಬ ರಕ್ಷಣಾ ತಂತ್ರಾಂಶವು ಇದರ ಡೆಸ್ಕ್‌ಟಾಪ್ ಆ್ಯಪನ್ನು ತಡೆಯತೊಡಗಿತು. ಆ್ಯಪ್ ಬಂದದ್ದು ಅಧಿಕೃತ ಅಪ್‌ಡೇಟ್ ಮೂಲಕ, ಕಡತ ತಯಾರಕರದ್ದೇ ಎಂದು ತೋರಿಸುವ ಕಂಪನಿಯ ಡಿಜಿಟಲ್ ಸಹಿಯೂ ಅದರ ಮೇಲೆ ಕ್ರಮಬದ್ಧವಾಗಿತ್ತು, ಒಂದು ಕಡತವನ್ನು ಹಲವು ಆ್ಯಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷಿಸುವ ವೈರಸ್‌ಟೋಟಲ್ ತಾಣದಲ್ಲಿ ಹಾಕಿ ನೋಡಿದರೆ ಅಲ್ಲಿನ ಎಂಜಿನ್‌ಗಳು (ಅಂದರೆ ಆ ಆ್ಯಂಟಿವೈರಸ್‌ಗಳ ಪತ್ತೆ ವ್ಯವಸ್ಥೆಗಳು) ಏನನ್ನೂ ಹೇಳಲಿಲ್ಲ. ಹೀಗಾಗಿ ಎಚ್ಚರಿಕೆ ಸುಳ್ಳೆಂದು ಅನೇಕರು ತೀರ್ಮಾನಿಸಿದರು. ಮಾರ್ಚ್ 29ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಇದು ನಿಜವಾದ ದಾಳಿಯೆಂದು ಬಹಿರಂಗಪಡಿಸಿತು. ಮರುದಿನ ತ್ರೀಸಿಎಕ್ಸ್ ಅದನ್ನು ಒಪ್ಪಿಕೊಂಡಿತು. ದಾಳಿಕೋರರು ತಂತ್ರಾಂಶವನ್ನು ಸಿದ್ಧಪಡಿಸುವ ವ್ಯವಸ್ಥೆಯೊಳಕ್ಕೇ ಹೊಕ್ಕಿದ್ದರು. ಅವರಿಗೆ ದಾರಿ ಸಿಕ್ಕಿದ್ದು, ಉದ್ಯೋಗಿಯೊಬ್ಬರು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಂಡಿದ್ದ, ಅದಾಗಲೇ ಕಲುಷಿತಗೊಂಡಿದ್ದ ಇನ್ನೊಂದು ತಂತ್ರಾಂಶದಿಂದ ಎಂದು ಆಮೇಲಿನ ತನಿಖೆಯಲ್ಲಿ ಮ್ಯಾಂಡಿಯಂಟ್ ಸಂಸ್ಥೆ ಕಂಡುಕೊಂಡಿತು. ಆ್ಯಪ್ ಜೊತೆಗೆ ಬಂದ ಒಂದು ಕಡತ ಮೈಕ್ರೋಸಾಫ್ಟ್‌ನ ಸಹಿಯನ್ನೇ ಹೊತ್ತಿತ್ತು. ಅದಕ್ಕೆ ಹೊರಗಿನ ದತ್ತಾಂಶವನ್ನು ಸೇರಿಸಿದ್ದರೂ ವಿಂಡೋಸ್ ಸಹಿ ಸರಿಯಾಗಿದೆಯೆಂದೇ ತೋರಿಸುತ್ತಿತ್ತು. ಈ ದೋಷಕ್ಕೆ 2013ರಲ್ಲೇ ಪರಿಹಾರ ಬಂದಿದ್ದರೂ ಬಳಕೆದಾರರೇ ಅದನ್ನು ಬೇಕೆಂದು ಸಕ್ರಿಯಗೊಳಿಸಿಕೊಳ್ಳಬೇಕಿತ್ತು. ಸಾಲದ್ದಕ್ಕೆ, ಒಳನುಗ್ಗಿದ ಕೋಡ್ ಕನಿಷ್ಠ ಒಂದು ವಾರ ಸುಮ್ಮನಿದ್ದು ಆಮೇಲೆ ಕೆಲಸ ಆರಂಭಿಸುತ್ತಿತ್ತು. ಸಹಿ, ಮೂಲ, ಉಳಿದ ಎಂಜಿನ್‌ಗಳ ಮೌನ ಎಂದು ನಾವು ನಂಬುವ ಸಾಕ್ಷಿಗಳೆಲ್ಲ ಒಟ್ಟಿಗೇ ತಪ್ಪು ಹೇಳಿದವು.

ಹಾಗೆಂದು ಆ್ಯಂಟಿವೈರಸ್ ಹೇಳಿದ್ದೆಲ್ಲವೂ ನಿಜ ಎನ್ನುವಂತಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಾಫಿ ಆ್ಯಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವಾದ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಗುರುತಿಸಿತು. ಆ ಕಡತವಿಲ್ಲದೆ ವ್ಯವಸ್ಥೆ ನಡೆಯದ ಕಾರಣ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2022ರ ಸೆಪ್ಟೆಂಬರ್ 4ರಂದು ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಮೈಕ್ರೋಸಾಫ್ಟ್ ಡಿಫೆಂಡರ್, ಕ್ರೋಮ್ ಮುಂತಾದ ಸಾಮಾನ್ಯ ತಂತ್ರಾಂಶಗಳನ್ನು ತೆರೆದಾಗಲೆಲ್ಲ ಅಪಾಯವೆಂದು ಕೂಗಿತು. ಹೊಸ ಅಪ್‌ಡೇಟ್ ಬಂದ ಮೇಲೆ ಆ ಕೂಗು ನಿಂತಿತು.

ಈ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಬೇರೆಯವರಿಗೂ ಬಂದಿದೆಯೇ ಎಂಬ ಪ್ರಶ್ನೆ ಎಷ್ಟು ದುರ್ಬಲವೆಂದು ತಿಳಿಯುತ್ತದೆ, ಏಕೆಂದರೆ ಮೂರರಲ್ಲೂ ಎಚ್ಚರಿಕೆ ಬಹಳ ಜನರಿಗೆ ಬಂದಿತ್ತು. ಕೇಳಬೇಕಾದದ್ದು ಬೇರೆ: ನಿನ್ನೆಯಿಂದ ಇಂದಿಗೆ ಬದಲಾದದ್ದು ಯಾವುದು, ಕಡತವೋ ಅಥವಾ ಅಪಾಯಕಾರಿ ಕಡತಗಳನ್ನು ಗುರುತಿಸಲು ಆ್ಯಂಟಿವೈರಸ್ ಬಳಸುವ ಮಾಹಿತಿಕೋಶವೋ? ಎರಡು ವರ್ಷಗಳಿಂದ ಒಂದಕ್ಷರವೂ ಬದಲಾಗದ ಕಡತವನ್ನು ಇವತ್ತಿನ ಅಪ್‌ಡೇಟ್ ನಂತರ ಇದ್ದಕ್ಕಿದ್ದಂತೆ ಹಿಡಿದಿದ್ದರೆ ಅದು ಸುಳ್ಳು ಎಚ್ಚರಿಕೆ ಇರುವ ಸಾಧ್ಯತೆ ಹೆಚ್ಚು. ಈಗಷ್ಟೇ ಹೊಸ ಆವೃತ್ತಿಗೆ ಬದಲಾದ ತಂತ್ರಾಂಶವನ್ನು, ಅದೂ ಅದರ ನಡವಳಿಕೆಯ ಆಧಾರದ ಮೇಲೆ, ಹಿಡಿದಿದ್ದರೆ ಆ ಕಂಪನಿ ಎಷ್ಟೇ ದೊಡ್ಡದಾಗಿದ್ದರೂ ಎಚ್ಚರಿಕೆಯನ್ನು ನಂಬಿಯೇ ಮುಂದುವರಿಯಬೇಕು. ತ್ರೀಸಿಎಕ್ಸ್‌ನಲ್ಲಿ ಬದಲಾದದ್ದು ಆ್ಯಪ್. ಮ್ಯಾಕಾಫಿ ಮತ್ತು ಡಿಫೆಂಡರ್ ಪ್ರಕರಣಗಳಲ್ಲಿ ಬದಲಾದದ್ದು ಆ್ಯಂಟಿವೈರಸ್.

ವೈರಸ್‌ಟೋಟಲ್ ಬಹಳ ಉಪಯುಕ್ತ ತಾಣ, ನಾನೂ ಬಳಸುತ್ತೇನೆ. ಆದರೆ ಅಲ್ಲಿನ ಎಪ್ಪತ್ತರ ಆಸುಪಾಸಿನ ಎಂಜಿನ್‌ಗಳಲ್ಲಿ ಎಷ್ಟು ‘ಹೌದು’ ಎಂದವೆಂಬ ಲೆಕ್ಕವನ್ನು ಮತ ಎಣಿಕೆಯಂತೆ ಓದಬಾರದು. ಬಿಟ್‌ಡಿಫೆಂಡರ್ ಎಂಬ ಆ್ಯಂಟಿವೈರಸ್‌ನ ಎಂಜಿನನ್ನು ಬೇರೆ ಹಲವು ಕಂಪನಿಗಳು ಪರವಾನಗಿ ಪಡೆದು ಬಳಸುವುದರಿಂದ, ಐದು ಹೆಸರುಗಳ ಹಿಂದೆ ಒಂದೇ ಅಭಿಪ್ರಾಯ ಇರಬಹುದು. ಹೊಸ ದಾಳಿಯ ಮೊದಲ ದಿನಗಳಲ್ಲಿ ಸೊನ್ನೆ ಬಂದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಎಚ್ಚರಿಕೆಯ ಹೆಸರಿನಲ್ಲಿ ‘ಜೆನೆರಿಕ್’, ‘ಹ್ಯೂರಿಸ್ಟಿಕ್’ ಎಂದಿದ್ದರೆ ಅದು ಊಹೆಯ ಆಧಾರದ್ದು ಎಂಬುದು ನಿಜ, ಆದರೆ ಹೊಸದನ್ನು ಹಿಡಿಯುವುದು ಊಹೆಯಿಂದಲೇ. ಇನ್ನೊಂದು ಮಾತು: ಅಲ್ಲಿ ಹಾಕಿದ ಕಡತ ಇತರ ಸಂಶೋಧಕರಿಗೂ ಸಿಗುತ್ತದೆ. ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪಿಡಿಎಫ್‌ಗಳನ್ನು ದಯವಿಟ್ಟು ಹಾಕಬೇಡಿ. ಕಡತದ ಒಳಗಿನದ್ದನ್ನು ಲೆಕ್ಕಹಾಕಿ ಪಡೆಯುವ, ಅದರ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಸಂಖ್ಯೆಯನ್ನಷ್ಟೇ ಕೊಟ್ಟು ಹುಡುಕಬಹುದು.

‘ಆ್ಯಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಎಂದು ಯಾವುದಾದರೂ ವಿಡಿಯೋ ಹೇಳಿದರೆ, ಅಲ್ಲಿಗೆ ವಿಚಾರಣೆ ಮುಗಿಯಿತು. ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬಳಸುವಂತೆ ಬೀಗ ಮುರಿದ ತಂತ್ರಾಂಶಕ್ಕೆ ಬರುವ ಎಚ್ಚರಿಕೆಗಳೆಲ್ಲ ಸುಳ್ಳೆಂದು ಹೇಳುವವರಿಗೆ ಅದನ್ನು ಹಾಗೆ ನಂಬಿಸುವುದರಲ್ಲೇ ಲಾಭವಿರುತ್ತದೆ.

ಗೊಂದಲ ಉಳಿದಾಗ ಕಡತವನ್ನು ಕ್ವಾರಂಟೈನ್‌ನಲ್ಲೇ, ಅಂದರೆ ಆ್ಯಂಟಿವೈರಸ್ ಅದನ್ನು ಪ್ರತ್ಯೇಕಿಸಿಟ್ಟ ಜಾಗದಲ್ಲೇ, ಬಿಟ್ಟು ಕಾಯುವುದು ಅತ್ಯುತ್ತಮ. ಅಲ್ಲಿ ಕಡತ ಸಾಮಾನ್ಯವಾಗಿ ತಕ್ಷಣ ಅಳಿಸಿಹೋಗುವುದಿಲ್ಲ, ಓಡುವುದೂ ಇಲ್ಲ. ಮೂರು ನಾಲ್ಕು ದಿನಗಳಲ್ಲಿ ಅಪ್‌ಡೇಟ್‌ಗಳು ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡಬಹುದು. ವಿನಾಯಿತಿ ಕೊಡಲೇಬೇಕಾದರೆ ಆ ಒಂದು ಕಡತಕ್ಕೆ ಕೊಡಿ, ಡೌನ್‌ಲೋಡ್ಸ್ ಫೋಲ್ಡರಿಗೆ ಇಡಿಯಾಗಿ ಕೊಟ್ಟರೆ ನಾಳೆ ಬರುವ ಪ್ರತಿಯೊಂದಕ್ಕೂ ಬಾಗಿಲು ತೆರೆದಿಟ್ಟಂತೆ.

ನಿಜವಾಗಿಯೂ ಸುಳ್ಳೆಂದು ಖಚಿತವಾದಾಗ ಸುಮ್ಮನಿರಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ, ಅದರಲ್ಲೂ ಕನ್ನಡದ ಸಣ್ಣ ತಂತ್ರಾಂಶಗಳ ವಿಷಯದಲ್ಲಿ. ಕನ್ನಡ ಟೈಪಿಂಗ್‌ನ ತಂತ್ರಾಂಶ ನಾವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಬೇರೆ ಅಕ್ಷರವಾಗಿಸಬೇಕು. ಕೀಲಿಗಳನ್ನು ಕದಿಯುವ ದುಷ್ಟ ತಂತ್ರಾಂಶವೂ ಹಿಡಿಯುವುದು ಅದೇ ಜಾಗದಲ್ಲಿ. ಬಿಡುವಿನ ವೇಳೆಯಲ್ಲಿ ಅಕ್ಷರ ಪರಿವರ್ತಕಗಳನ್ನು ಬರೆದು ಉಚಿತವಾಗಿ ಹಂಚುವವರು ಸಹಿಯ ಪ್ರಮಾಣಪತ್ರಕ್ಕೆ ಹಣ ತೆರಲಾರರು. ಅಂಥ ಕಡತಕ್ಕೆ ಎಚ್ಚರಿಕೆ ಬಂದರೆ ಮೊದಲು ತಯಾರಕರಿಗೆ ತಿಳಿಸಿ, ಅವರ ಬಳಿಯಿರುವ ಮೂಲ ಕಡತದ ಎಸ್‌ಎಚ್‌ಎ-256 ಸಂಖ್ಯೆಯನ್ನು ಕೇಳಿ ನಿಮ್ಮದರೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಇದಕ್ಕೆಂದೇ ಇಟ್ಟಿರುವ ಪುಟದಲ್ಲಿ ಕಡತವನ್ನು ಪರಿಶೀಲನೆಗೆ ಸಲ್ಲಿಸಿ. ಅವರು ಮಾಹಿತಿಕೋಶವನ್ನು ತಿದ್ದಿದರೆ ಅದೇ ಆ್ಯಂಟಿವೈರಸ್ ಬಳಸುವ ಉಳಿದವರಿಗೂ ಆ ತಂತ್ರಾಂಶ ತಡೆಯಿಲ್ಲದೆ ಸಿಗುತ್ತದೆ.