ಒಂದು ಎಕರೆಯ ಬೇಲಿ

ಶ್ರೀಮಂತರ ಊರು ಅಂದ ಕೂಡಲೇ ಕಣ್ಣಿಗೆ ಬರುವುದು ಎತ್ತರದ ಗೇಟು, ಅಲ್ಲಿ ನಿಂತು ಗಾಡಿ ನಂಬರ್ ಬರೆದುಕೊಳ್ಳುವ ಗಾರ್ಡು. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಚ್ಯಾಪಕ್ವಾದಲ್ಲಿ ಇದೊಂದೂ ಇಲ್ಲ. ನ್ಯೂಯಾರ್ಕ್ ನಗರದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಹಾರ್ಲೆಮ್ ಲೈನ್ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅಲ್ಲಿ ಇಳಿಯಬಹುದು. ಕಾಫಿ ಕುಡಿದು, ಲೈಬ್ರರಿಯಲ್ಲಿ ಕೂತು, ಕಾಡಿನ ದಾರಿಯಲ್ಲಿ ಒಂದು ಸುತ್ತು ಹಾಕಿ ಸಂಜೆ ವಾಪಸ್ ಬಂದರೆ ಯಾರೂ ಏನೂ ಕೇಳುವುದಿಲ್ಲ. ಅಲ್ಲೇ ಇರೋಣ ಅಂತ ಹೊರಟಾಗ ಮಾತ್ರ ಬೇಲಿ ಎಲ್ಲಿದೆ ಅನ್ನೋದು ಗೊತ್ತಾಗುತ್ತೆ.

ಪಕ್ಕದ ಟೌನ್‌ನಲ್ಲಿ ಬಹಳ ವರ್ಷಗಳಿಂದ ಇರುವ ನನಗೆ ಈ ಊರಿನ ಮೇಲೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಎರಡನ್ನೂ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಮೊದಲನೆಯದಾಗಿ, ಸರ್ಕಾರಿ ಲೆಕ್ಕದಲ್ಲಿ ಚ್ಯಾಪಕ್ವಾ ಅನ್ನುವುದು ಊರೇ ಅಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಕೌಂಟಿಯ ಒಳಗೆ ಟೌನ್‌ಗಳು. ಟೌನ್ ಒಳಗಿನ ಒಂದು ವಸತಿ ಬೇಕಿದ್ದರೆ ಕಾನೂನಿನ ಪ್ರಕಾರ ವಿಲೇಜ್ ಆಗಿ, ಮೇಯರ್ ಇಟ್ಟುಕೊಂಡು, ತನ್ನದೇ ಆಡಳಿತ ನಡೆಸಬಹುದು. ಹಾಗೆ ಆಗದೆ ಉಳಿದದ್ದು ಹ್ಯಾಮ್ಲೆಟ್. ಅದಕ್ಕೆ ಮೇಯರ್ ಇಲ್ಲ, ಗಡಿ ಇಲ್ಲ, ಖಜಾನೆ ಇಲ್ಲ. ಚ್ಯಾಪಕ್ವಾ ಅಂಥದ್ದು, ಆಡಳಿತವೆಲ್ಲ ನ್ಯೂ ಕ್ಯಾಸಲ್ ಟೌನಿನದು. ಆ ಟೌನ್ 1791ರಲ್ಲಿ ನಾರ್ತ್ ಕ್ಯಾಸಲ್‌ನಿಂದ ಬೇರೆಯಾದದ್ದು. ಹಾಗಾದರೆ ಚ್ಯಾಪಕ್ವಾ ಅಂದರೆ ಯಾವುದು? ಒಂದು ಪೋಸ್ಟ್ ಆಫೀಸು, ಒಂದು ರೈಲು ನಿಲ್ದಾಣ, ಒಂದು ಅಗ್ನಿಶಾಮಕ ದಳ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಶಾಲಾ ಜಿಲ್ಲೆ (ಅದರ ಗಡಿಯೊಳಗೆ ಮನೆ ಇದ್ದವರ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲೆ). ಒಂದರ ಗಡಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ರಿಯಲ್ ಎಸ್ಟೇಟ್ ಏಜೆಂಟರನ್ನು ಕೇಳಿ ನೋಡಿ, ಅವರು ಕಣ್ಣುಮುಚ್ಚಿ ಹೇಳುವುದು ಶಾಲಾ ಜಿಲ್ಲೆಯ ಗಡಿಯನ್ನು.

ಇನ್ನು ಇತಿಹಾಸ. ಇಲ್ಲಿ ಮೊದಲು ನೆಲೆಯೂರಿದ ಬಿಳಿಯರು ಕ್ವೇಕರ್‌ಗಳು, 18ನೇ ಶತಮಾನದ ಮೊದಲರ್ಧದಲ್ಲಿ. ಪಾದ್ರಿಯಿಲ್ಲದ, ಪ್ರವಚನವಿಲ್ಲದ, ಸುಮ್ಮನೆ ಕೂತು ಪ್ರಾರ್ಥಿಸುವ ಪಂಥ. ಅವರು 1753ರಲ್ಲಿ ಕಟ್ಟಿದ ಸಭಾಮಂದಿರ ಕ್ವೇಕರ್ ರಸ್ತೆಯಲ್ಲಿ ಇವತ್ತಿಗೂ ಇದೆ. ಮರದ ಹಲಗೆಯ ಗೋಡೆ, ಅಲಂಕಾರದ ಹೆಸರಿಗೂ ಏನಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ, 1776ರ ವೈಟ್ ಪ್ಲೇನ್ಸ್ ಯುದ್ಧದ ನಂತರ ವಾಷಿಂಗ್ಟನ್ ಸೇನೆಯ ಗಾಯಾಳುಗಳನ್ನು ತಂದು ಮಲಗಿಸಿದ್ದು ಇದೇ ಮಂದಿರದಲ್ಲಿ. ಯುದ್ಧವೇ ಪಾಪ ಅನ್ನುವವರ ಮನೆಯಲ್ಲಿ ಸೈನಿಕರ ಆಸ್ಪತ್ರೆ! ಅದಕ್ಕೂ ಮೊದಲೇ, 1767ರಲ್ಲಿ, ಈ ಭಾಗದ ಕ್ವೇಕರ್‌ಗಳು ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪುತ್ತದೆಯೇ ಅಂತ ತಮ್ಮ ಸಭೆಯಲ್ಲಿ ಪ್ರಶ್ನೆ ಎತ್ತಿದ್ದರು. ದೇಶವೇ ಇನ್ನೂ ಹುಟ್ಟಿರದ ಕಾಲ ಅದು.

1846ರಲ್ಲಿ ರೈಲು ಬಂತು. ಅದರ ಹಿಂದೆಯೇ ಬಂದವನು ಹೊರೇಸ್ ಗ್ರೀಲಿ. ಇವನ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಯಾಕಂದರೆ ಇಂದಿನ ಚ್ಯಾಪಕ್ವಾದವರ ಮೂಲಪುರುಷ ಅಂದರೆ ನನ್ನ ಪ್ರಕಾರ ಇವನೇ: ನಗರದಲ್ಲಿ ದುಡಿಮೆ, ಹಳ್ಳಿಯಲ್ಲಿ ಮನೆ, ಬಾಯಲ್ಲಿ ಲೋಕೋದ್ಧಾರ. 1841ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಶುರುಮಾಡಿದವನು. ಗುಲಾಮಗಿರಿಯ ವಿರುದ್ಧ ಬಿಡದೆ ಬರೆದ. ಲಂಡನ್ನಿನಲ್ಲಿ ಕೂತಿದ್ದ ಕಾರ್ಲ್ ಮಾರ್ಕ್ಸ್‌ನಿಂದ ವರ್ಷಗಟ್ಟಲೆ ಬರೆಸಿ ದುಡ್ಡೂ ಕೊಟ್ಟ. 1853ರಲ್ಲಿ ಇಲ್ಲಿ ಜಮೀನು ಕೊಂಡ. ಹೆಂಡತಿ ಮೇರಿಯ ಬೇಡಿಕೆ ಮೂರು: ಒಳ್ಳೆಯ ಒರತೆ ನೀರು, ಹರಿಯುವ ತೊರೆ, ವರ್ಷವಿಡೀ ಹಸಿರಾಗಿರುವ ಮರಗಳ ಕಾಡು. ಮೂರೂ ಸಿಕ್ಕವು. ಜೊತೆಗೆ ಜೌಗು ನೆಲವೂ ಸಿಕ್ಕಿತು, ಅದನ್ನು ಬಸಿದು ಹದಕ್ಕೆ ತರುವುದರಲ್ಲೇ ಸಾಕಷ್ಟು ದುಡ್ಡು ಕರಗಿತು. ವಾರವೆಲ್ಲ ಪತ್ರಿಕೆ, ಶನಿವಾರ ರೈಲು ಹತ್ತಿ ಬಂದು ಕೊಡಲಿ ಹಿಡಿದು ಮರ ಸವರುವುದು. 1856ರಲ್ಲಿ ಕಾಂಕ್ರೀಟಿನ ಕೊಟ್ಟಿಗೆ ಕಟ್ಟಿಸಿದ. ಅಮೆರಿಕದ ಮೊದಮೊದಲ ಕಾಂಕ್ರೀಟ್ ಕಟ್ಟಡಗಳಲ್ಲಿ ಅದೂ ಒಂದು. ಮುಂದೆ ಅವನ ಮಗಳು ಅದನ್ನೇ ವಾಸದ ಮನೆ ಮಾಡಿಕೊಂಡಳು.

1872ರಲ್ಲಿ ಗ್ರೀಲಿ ಅಧ್ಯಕ್ಷ ಪದವಿಗೆ ನಿಂತ, ಆಗಿನ ಅಧ್ಯಕ್ಷ ಗ್ರಾಂಟ್ ಎದುರು ಹೀನಾಯವಾಗಿ ಸೋತ. ಚುನಾವಣೆಗೆ ಕೆಲವೇ ದಿನ ಮೊದಲು ಹೆಂಡತಿ ತೀರಿಕೊಂಡಿದ್ದಳು. ಅದೇ ನವೆಂಬರ್ ಮುಗಿಯುವುದರೊಳಗೆ, ಅಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಎಲೆಕ್ಟೋರಲ್ ಮತಗಳ ಚಲಾವಣೆಗೂ ಮುಂಚೆ, ತಾನೂ ಹೋದ. ಈಗ ಊರಿನ ಹೈಸ್ಕೂಲಿಗೆ ಅವನದೇ ಹೆಸರು. 1914ರಲ್ಲಿ ನಿಲ್ಲಿಸಿದ ಪ್ರತಿಮೆಯೂ ಇದೆ. 1902ರಲ್ಲಿ ಕಟ್ಟಿದ ರೈಲು ನಿಲ್ದಾಣಕ್ಕೆ ಜಾಗ ಕೊಟ್ಟದ್ದು ಅವನ ಮಗಳು, ಅಳಿಯ.

ಅಲ್ಲಿಂದಾಚೆ ಹೊಲಗಳು ಸೈಟುಗಳಾದವು. 1939ರಲ್ಲಿ ರೀಡರ್ಸ್ ಡೈಜೆಸ್ಟ್ ತನ್ನ ಮುಖ್ಯ ಕಚೇರಿಯನ್ನು ಇಲ್ಲಿಗೆ ತಂದಿತು, ಆದರೆ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ವಿಳಾಸ ಮಾತ್ರ ಪಕ್ಕದ ಪ್ಲೆಸೆಂಟ್‌ವಿಲ್‌ನದು. ಪ್ರಪಂಚವೆಲ್ಲ ಓದಿದ ಪತ್ರಿಕೆ ತಯಾರಾಗುತ್ತಿದ್ದ ಊರಿನ ಹೆಸರು ಓದಿದವರಿಗೇ ಗೊತ್ತಿರಲಿಲ್ಲ. ಚ್ಯಾಪಕ್ವಾ ಹೆಸರು ಜಗತ್ತಿನ ಬಾಯಿಗೆ ಬಂದದ್ದು 1999ರಲ್ಲಿ, ಬಿಲ್ ಮತ್ತು ಹಿಲರಿ ಕ್ಲಿಂಟನ್ 17 ಲಕ್ಷ ಡಾಲರ್ ಕೊಟ್ಟು ಇಲ್ಲಿ ಮನೆ ಕೊಂಡಾಗ. ಹಿಲರಿಗೆ ನ್ಯೂಯಾರ್ಕಿನಿಂದ ಸೆನೆಟ್‌ಗೆ ನಿಲ್ಲಬೇಕಿತ್ತು, ಅದಕ್ಕೆ ನ್ಯೂಯಾರ್ಕಿನಲ್ಲಿ ಮನೆ ಬೇಕಿತ್ತು.

ಈಗ ತಕರಾರಿಗೆ ಬರ್ತೀನಿ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅಮೆರಿಕದ ಎಷ್ಟೋ ಉಪನಗರಗಳಂತೆ ನ್ಯೂ ಕ್ಯಾಸಲ್ ಟೌನ್ ಕೂಡ ಜೋನಿಂಗ್ ಕಾನೂನನ್ನು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮವನ್ನು, ಬಿಗಿ ಮಾಡಿಕೊಂಡಿತು. ಒಂದು ಮನೆಗೆ ಕನಿಷ್ಠ ಇಷ್ಟು ಜಾಗ ಇರಲೇಬೇಕು ಅಂತ: ಬಹುಪಾಲು ಕಡೆ ಒಂದು ಎಕರೆ, ಎರಡು ಎಕರೆ. ಒಂದು ಜಾಗದಲ್ಲಿ ಒಂದೇ ಕುಟುಂಬದ ಒಂದೇ ಮನೆ. ಅಪಾರ್ಟ್‌ಮೆಂಟಿಗೆ ಆಗ ಟೌನಿನಲ್ಲಿ ಎಲ್ಲೂ ಜಾಗವಿರಲಿಲ್ಲ. ಕಾರಣ ಕೇಳಿದರೆ ಸಿದ್ಧ ಉತ್ತರಗಳಿದ್ದವು. ಎಲ್ಲ ಕಡೆ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕಿಗೆ ಜಾಗ ಬೇಕು, ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವ ಕ್ರೋಟನ್ ಜಲಾನಯನ ಪಕ್ಕದಲ್ಲೇ ಇದೆ. ಇವು ಸುಳ್ಳಲ್ಲ. ಆದರೆ ಇಡೀ ಟೌನಿನಲ್ಲಿ ಒಂದೇ ಒಂದು ಅಪಾರ್ಟ್‌ಮೆಂಟ್ ಕಟ್ಟಡಕ್ಕೂ ನೆಲ ಇಲ್ಲದೆ ಹೋದದ್ದಕ್ಕೆ ಸೆಪ್ಟಿಕ್ ಟ್ಯಾಂಕ್ ಕಾರಣ ಅಂದರೆ ನಾನಂತೂ ನಂಬೋದಿಲ್ಲ.

ಇದನ್ನು ಪ್ರಶ್ನಿಸಿ ಬಿಲ್ಡರ್‌ಗಳು ಕೋರ್ಟಿಗೆ ಹೋದರು. ಬೆರೆನ್ಸನ್ ಮತ್ತು ನ್ಯೂ ಕ್ಯಾಸಲ್ ಟೌನ್ ನಡುವಿನ ಪ್ರಕರಣ, 1975. ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಟೌನ್ ತನ್ನ ಜನರ ಅಗತ್ಯ ನೋಡಿಕೊಂಡರೆ ಸಾಲದು, ಸುತ್ತಲಿನ ಇಡೀ ಪ್ರದೇಶದ ವಸತಿ ಅಗತ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಜೋನಿಂಗ್ ಬಗ್ಗೆ ವ್ಯಾಜ್ಯ ಬಂದಾಗಲೆಲ್ಲ ವಕೀಲರು ಇವತ್ತಿಗೂ ಎತ್ತಿ ತೋರಿಸುವ ತೀರ್ಪು ಇದು. ಗ್ರೀಲಿಯ ಊರಿನಿಂದ ದೇಶಕ್ಕೆ ಹೋದ ಇನ್ನೊಂದು ಕೊಡುಗೆ ಅನ್ನಬಹುದು, ಊರಿನವರು ಅದನ್ನು ಫಲಕ ಹಾಕಿ ನೆನೆಯುವುದಿಲ್ಲ ಅಷ್ಟೆ.

ಹಾಗಂತ ಅಲ್ಲಿನ ಜನ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಿಜ ಹೇಳಬೇಕಂದರೆ ಸಮುದಾಯ ಜೀವನ ಅನ್ನುವುದನ್ನು ಅವರಷ್ಟು ಮುತುವರ್ಜಿಯಿಂದ ನಡೆಸುವವರು ಕಡಿಮೆ. ಶನಿವಾರ ರೈಲು ನಿಲ್ದಾಣದ ಬಳಿ ರೈತರ ಸಂತೆ. ಮೇ ಕೊನೆಗೆ, ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಮೆರವಣಿಗೆ: ಮುಂದೆ ಮಾಜಿ ಸೈನಿಕರು, ಹಿಂದೆ ಸ್ಕೌಟ್ ಮಕ್ಕಳು, ಶಾಲೆಯ ಬ್ಯಾಂಡು, ಉಜ್ಜಿ ಉಜ್ಜಿ ಹೊಳಪು ಬರಿಸಿದ ಅಗ್ನಿಶಾಮಕ ಗಾಡಿಗಳು. ನಡುವೆ ಮಾಜಿ ಅಧ್ಯಕ್ಷರು ನಡೆದು ಬಂದು ಕೈಕುಲುಕುತ್ತಾರೆ, ಜನ ಅವರನ್ನು ಎದುರು ಮನೆಯವರ ಹಾಗೆ ಮಾತಾಡಿಸುತ್ತಾರೆ. ಅಗ್ನಿಶಾಮಕ ದಳ, ಆಂಬುಲೆನ್ಸ್ ಎರಡೂ ಬಹುಮಟ್ಟಿಗೆ ನಡೆಯುವುದು ಸ್ವಯಂಸೇವಕರಿಂದ. ರಾತ್ರಿ ಎರಡಕ್ಕೆ ಪೇಜರ್ ಬಡಿದುಕೊಂಡರೆ ಹಾಸಿಗೆಯಿಂದ ಎದ್ದು ಓಡುವವರು ಸಂಬಳವಿಲ್ಲದ ಊರಿನವರೇ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಅದಕ್ಕೇ ಕೇಳುತ್ತೇನೆ: ಆ ಕೆಲಸಕ್ಕೆ ಬೇಕಾದ ಇಪ್ಪತ್ತೈದರ ಹುಡುಗ, ಅದೇ ಊರಲ್ಲಿ ಬೆಳೆದವನು, ಕಾಲೇಜು ಮುಗಿಸಿ ಬಂದು ಬಾಡಿಗೆಗೆ ಇರಬೇಕಂದರೆ ಎಲ್ಲಿರಬೇಕು? ಅವನಿಗೆ ಕಲಿಸಿದ ಟೀಚರಮ್ಮ ಎಲ್ಲಿರಬೇಕು?

ಶಾಲೆಯ ವಿಷಯಕ್ಕೆ ಬಂದರೆ ನಮ್ಮವರನ್ನೂ ಬಿಡುವ ಹಾಗಿಲ್ಲ. ಮಗಳು ಆರನೇ ಕ್ಲಾಸಿಗೆ ಬಂದಾಗ ಗೆಳೆಯನೊಬ್ಬ ಅಲ್ಲಿಗೆ ಮನೆ ಬದಲಾಯಿಸಿದ. "ಮನೆ ಅಲ್ಲ ಮಾರಾಯ, ನಾನು ಸ್ಕೂಲನ್ನೇ ಕೊಂಡ್ಕೊಂಡಿದ್ದು," ಅಂತ ಅವನೇ ನಗಾಡುತ್ತಿದ್ದ. ವೆಸ್ಟ್‌ಚೆಸ್ಟರ್‌ನ ಆಸ್ತಿ ತೆರಿಗೆ ಅಮೆರಿಕದಲ್ಲೇ ಅತಿ ಹೆಚ್ಚಿನ ಸಾಲಿನದು, ಅದರಲ್ಲಿ ಸಿಂಹಪಾಲು ಶಾಲೆಗೆ ಹೋಗುತ್ತದೆ. ಪ್ರತಿ ಮೇ ತಿಂಗಳು ಶಾಲಾ ಬಜೆಟ್‌ಗೆ ಜನರೇ ಮತ ಹಾಕುತ್ತಾರೆ; ಟೌನ್ ಸಭೆಗೆ ತಲೆ ಹಾಕದವರೂ ಆವತ್ತು ತಪ್ಪಿಸುವುದಿಲ್ಲ. ಮಗಳು ಹೈಸ್ಕೂಲ್ ಮುಗಿಸಿದ್ದೇ ತಡ, ಗೆಳೆಯ ಮನೆ ಮಾರಾಟಕ್ಕೆ ಬೋರ್ಡ್ ಹಾಕಿದ. "ಇನ್ನು ಇಷ್ಟು ಟ್ಯಾಕ್ಸ್ ಯಾಕೆ ಕಟ್ಟೋದು?" ಅಂದ. ಸಣ್ಣ ಮನೆ ಸಿಕ್ಕರೆ ಅಲ್ಲೇ ಇರುತ್ತಿದ್ದ, ಹೆಂಡತಿಗೆ ಆ ಲೈಬ್ರರಿ, ಆ ವಾಕಿಂಗ್ ದಾರಿ ಅಂದರೆ ಪ್ರಾಣ. ಮಾರಾಟಕ್ಕೆ ಸಣ್ಣ ಮನೆ ಅಂತ ಒಂದಿದ್ದರೆ ತಾನೆ?

2009ರಲ್ಲಿ ವೆಸ್ಟ್‌ಚೆಸ್ಟರ್ ಕೌಂಟಿ ಫೆಡರಲ್ ಸರ್ಕಾರದ ಜೊತೆ ಒಂದು ಮೊಕದ್ದಮೆಯಲ್ಲಿ ರಾಜಿ ಮಾಡಿಕೊಂಡು, ಬಿಳಿಯರೇ ಹೆಚ್ಚಿರುವ ಊರುಗಳಲ್ಲಿ ಕೈಗೆಟುಕುವ ಬೆಲೆಯ 750 ಮನೆಗಳಿಗೆ ದಾರಿ ಮಾಡಿಕೊಡಲು ಒಪ್ಪಿತು. ಚ್ಯಾಪಕ್ವಾದಲ್ಲಿ ಇದಕ್ಕೆ ಎದ್ದು ಬಂದ ಯೋಜನೆ 28 ಮನೆಗಳದು. ಜಾಗ ಎಲ್ಲಿ ಗೊತ್ತೇ? ರೈಲು ಹಳಿ ಒಂದು ಕಡೆ, ಸಾ ಮಿಲ್ ಪಾರ್ಕ್‌ವೇ ಹೆದ್ದಾರಿ ಇನ್ನೊಂದು ಕಡೆ, ನಡುವೆ ಚೂರು ನೆಲ. ಅಷ್ಟಕ್ಕೂ ವರ್ಷಗಟ್ಟಲೆ ಎಳೆದಾಟ. ಬೆಂಕಿ ಬಿದ್ದರೆ ಗಾಡಿ ಹೇಗೆ ಹೋಗುತ್ತೆ, ಬಡವರನ್ನು ಹಳಿ ಪಕ್ಕ ಕೂರಿಸುವುದು ಸರಿಯೇ ಅಂತೆಲ್ಲ ಆಕ್ಷೇಪ. ಈ ಎರಡನೆಯ ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾದರೆ ನಿಮ್ಮ ಬೀದಿಯಲ್ಲಿ ಕೂರಿಸಿ ಅಂದಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ!

ಡೈಜೆಸ್ಟ್ 2010ರ ಹೊತ್ತಿಗೆ ಖಾಲಿ ಮಾಡಿದ ಕ್ಯಾಂಪಸ್‌ನಲ್ಲೂ ಇದೇ ಕಥೆ ನಡೆದು, ಕೊನೆಗೆ ದೊಡ್ಡ ಸೂಪರ್‌ಮಾರ್ಕೆಟ್ಟು, ಟೌನ್‌ಹೌಸು (ಗೋಡೆಗೆ ಗೋಡೆ ಅಂಟಿದ ಸಾಲು ಮನೆ), ಒಂದಿಷ್ಟು ಅಪಾರ್ಟ್‌ಮೆಂಟು ಬಂದವು. ಹಳೆಯ ಸಭಾಂಗಣ ರಂಗಮಂದಿರ ಆಯಿತು. ಯಾವ ಪ್ರಳಯವೂ ಆಗಲಿಲ್ಲ. ಆದರೂ ಅಂಗಡಿ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಿಗೆ ಅನುವು ಮಾಡುವ ಹೊಸ ನಿಯಮ ತರಲು ಟೌನ್ ಹೊರಟಾಗ ಹುಲ್ಲುಹಾಸಿನ ತುಂಬ ವಿರೋಧದ ಬೋರ್ಡುಗಳು ಎದ್ದವು. 2021ರ ಟೌನ್ ಚುನಾವಣೆ ನಡೆದದ್ದೇ ಆ ವಿಷಯದ ಮೇಲೆ, ಗೆದ್ದವರು ವಿರೋಧಿಸಿದವರೇ. 2023ರಲ್ಲಿ ಗವರ್ನರ್ ಹೋಕಲ್ ರೈಲು ನಿಲ್ದಾಣಗಳ ಸುತ್ತ ಹೆಚ್ಚು ಮನೆ ಕಟ್ಟಲು ಬಿಡಬೇಕು ಅಂತ ಯೋಜನೆ ಮುಂದಿಟ್ಟಾಗ ಇಡೀ ಉಪನಗರ ವಲಯವೇ ತಿರುಗಿ ಬಿತ್ತು, ಶಾಸನಸಭೆಯಲ್ಲಿ ಅದು ಸತ್ತೇ ಹೋಯಿತು. ಚ್ಯಾಪಕ್ವಾದಂಥ ಊರುಗಳು ರಾಷ್ಟ್ರೀಯ ಚುನಾವಣೆಯಲ್ಲಿ ಡೆಮೊಕ್ರಾಟರಿಗೆ ಕಣ್ಣುಮುಚ್ಚಿ ಓಟು ಹಾಕುವಂಥವು. ದೂರದೂರಿನ ಅನ್ಯಾಯಕ್ಕೆ ಮಿಡಿಯುವ ಮನಸ್ಸು ತನ್ನ ಬೀದಿಯ ಪಾರ್ಕಿಂಗ್ ಸ್ಲಾಟಿಗೆ ಬಂದಾಗ ಯಾಕೆ ಕಲ್ಲಾಗುತ್ತೆ?

ಕಾಡು ಕಡಿಯಿರಿ, ಹತ್ತಂತಸ್ತು ಎಬ್ಬಿಸಿ ಅಂತ ನಾನು ಕೇಳುತ್ತಿಲ್ಲ. ನಿಲ್ದಾಣದ ಪಕ್ಕದ ಕಾರ್ ಪಾರ್ಕಿಂಗ್ ಎಂಥ ಬೆಲೆಬಾಳುವ ನೆಲ! ಅದರ ಅರ್ಧದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಲಿ. ಟೀಚರಮ್ಮ, ಪೇಜರ್ ಇಟ್ಟುಕೊಂಡ ಹುಡುಗ, ಮಕ್ಕಳು ದೂರವಾದ ವಯಸ್ಸಾದ ದಂಪತಿ ಅಲ್ಲಿರಲಿ. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಾರೂ ಬೇಕಾಗುವುದಿಲ್ಲ. ಹಾಗಾದರೆ ಶನಿವಾರದ ಸಂತೆ ಎಲ್ಲಿ ನಡೆಸೋದು ಅಂತ ಯಾರಾದರೂ ಕೇಳೇ ಕೇಳ್ತಾರೆ. ಉಳಿದ ಅರ್ಧದಲ್ಲಿ ನಡೆಸಿ ಸ್ವಾಮಿ, ಗಿರಾಕಿಗಳು ಮೆಟ್ಟಿಲಿಳಿದು ಬರ್ತಾರೆ.